ಹನ್ನೆರಡನೆಯ ತಿಪ್ಪ

ಕೆಂಚೀಹಾಳದಲ್ಲಿ ಹನ್ನೊಂದು ಮಂದಿ ತಿಪ್ಪಂದಿರಿದ್ದರು. ಹೊಲ ಇದ್ದವನು ತಿಪ್ಪಣ್ಣ. ಬರೀ ಎತ್ತು ಇದ್ದವನು ತಿಪ್ಪ. ಏನೂ ಇಲ್ಲದವನು ತಿಪ್ಯಾ. ಅದೊಂದೇ ಊರಿನ ಮಾತಲ್ಲ. ಹಿರೇಕೆರೂರಿನ ಸಂತೆಯಲ್ಲಿ ನಿಂತು "ತಿಪ್ಪಾ" ಎಂದು ಕೂಗಿದರೆ ಇಪ್ಪತ್ತು ತಲೆ ತಿರುಗುತ್ತಿದ್ದವು. ಹಾನಗಲ್ಲಿನಲ್ಲೂ ಅಷ್ಟೇ, ಶಿಗ್ಗಾವಿಯಲ್ಲೂ ಅಷ್ಟೇ, ನವಾಬನ ಸವಣೂರಿನಲ್ಲೂ ಅಷ್ಟೇ.

ಹೆಸರು ಚಂದವೆಂದು ಯಾರೂ ಇಟ್ಟದ್ದಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಇಡುವ ಹೆಸರು ಅದು. ಎರಡೋ ಮೂರೋ ಕೂಸು ಮಣ್ಣಿಗೆ ಹೋದ ಮೇಲೆ ಮತ್ತೊಂದು ಹುಟ್ಟಿದರೆ ಅದನ್ನು ಮೊರದಲ್ಲಿಟ್ಟು ಹಿತ್ತಲ ತಿಪ್ಪೆಯ ಮೇಲೆ ಮಲಗಿಸಬೇಕು. ಮಾದರ ಕೇರಿಯ ಹಾಲುಳ್ಳ ಹೆಂಗಸೊಬ್ಬಳು ಬಂದು "ಯಾರದೋ ಕಸ ಬಿದ್ದೈತಿ" ಎಂದು ಅದನ್ನು ಎತ್ತಿಕೊಳ್ಳಬೇಕು. ಮೊಲೆ ಕೊಡಬೇಕು. ಆಗ ಹೆತ್ತವಳು "ನಿನ್ನ ಕೂಸು ಮಾರ್ತೀಯೇನ" ಎಂದು ಕೇಳಬೇಕು. ಇವಳು "ಮಾರ್ತೇನಿ" ಅನ್ನಬೇಕು. ಒಂದು ಮೊರ ತೌಡಿಗೆ ವ್ಯಾಪಾರ ಕುದುರಿದ ಮೇಲೆ "ತಿಪ್ಪಾ" ಎಂದು ಮೂರು ಸಲ ಕರೆದು ಕೂಸನ್ನು ಕೆಳಗಿಡಬೇಕು. ಹೆತ್ತ ಮನೆಯವರು ಅದನ್ನು ಅರಿಶಿನ ನೀರಲ್ಲಿ ತೊಳೆದು ಒಳಗೆ ಒಯ್ಯುತ್ತಾರೆ. ಇನ್ನು ಅದು ತಿಪ್ಪೆಯಲ್ಲಿ ಸಿಕ್ಕ ಮಾದರ ಕೂಸು. ಯಮ ಬಂದು ನೋಡಿ, ಇದನ್ನು ಯಾರು ಮುಟ್ಟುತ್ತಾರೆ ಎಂದು ಮೂಗು ಮುಚ್ಚಿಕೊಂಡು ಹೋಗುತ್ತಾನೆ. ಯಮನಿಗೂ ಮಡಿಮೈಲಿಗೆ ಇದೆ ಎಂದು ಊರು ನಂಬಿತ್ತು.

ಆ ಹನ್ನೊಂದರಲ್ಲಿ ಐವರನ್ನು ಎತ್ತಿದವಳು ಅಡಿವೆವ್ವ. ಅವಳ ಹೆಸರೂ ಅಂಥದ್ದೇ. ಅಡವಿಗೆ ಬಿಸಾಕಿದ ಕೂಸು ಎಂದು ಸಾವಿಗೆ ಸುಳ್ಳು ಹೇಳಲು ಅವಳ ಅವ್ವ ಇಟ್ಟದ್ದು. ಅವಳಿಗೆ ಹಾಲು ಬತ್ತಿದ ಮೇಲೆ ಆ ಕೆಲಸ ಸೊಸೆ ಭರಮವ್ವನಿಗೆ ಬಂತು. ಭರಮವ್ವ ನಾಲ್ವರನ್ನು ಎತ್ತಿದ್ದಳು. ಎತ್ತಿದ ಆ ಒಂದು ಗಳಿಗೆಯಲ್ಲಿ ಮಾತ್ರ ದೊಡ್ಡ ಮನೆಯ ಬಾಣಂತಿಗೆ ಅವಳು ಏಕವಚನದಲ್ಲಿ "ಏನ್ ಕೊಡ್ತೀ" ಎಂದು ಕೇಳಬಹುದಿತ್ತು. ಕೂಸು ಕೆಳಗಿಟ್ಟ ಮೇಲೆ ಮತ್ತೆ ಮಾರು ದೂರ, ಮತ್ತೆ ಬಗ್ಗಿದ ಬೆನ್ನು. ಅವಳು ಎತ್ತಿದ ತಿಪ್ಪಣ್ಣನೊಬ್ಬ ಐದು ವರ್ಷದವನಾದಾಗ, ಓಣಿಯಲ್ಲಿ ಎದುರಾದ ಅವಳಿಗೆ ಹರಳು ತೂರಿ "ಸರಿ ಅತ್ಲಾಗ, ಭರಮೀ" ಅಂದ. ಅವಳ ಹಾಲು ಕುಡಿದ ಬಾಯಿ ಅದು. ಅವಳು ಸರಿದು ನಿಂತಳು.

ಅವಳು ಮುಟ್ಟಿದ ಮಕ್ಕಳನ್ನು ಯಮ ಮುಟ್ಟಲಿಲ್ಲ. ಹೆತ್ತವನ್ನು ಮಾತ್ರ ಹೇಸದೆ ಒಯ್ದ. ಎರಡು ಗಂಡು, ಒಂದು ಹೆಣ್ಣು. ಮೂರೂ ನಡೆಯಲು ಕಲಿಯುವ ಹೊತ್ತಿಗೆ, ಮೂರೂ ಮುಂಗಾರಿನಲ್ಲಿ, ಮೂರೂ ವಾಂತಿಭೇದಿಯಲ್ಲಿ ಹೋದವು.

ಮುಂಗಾರೆಂದರೆ ಕೇರಿಯ ನೀರಿಗೆ ಬಣ್ಣ ಬರುವ ಕಾಲ. ಊರಿಗೆ ಸೀನೀರಿನ ಮೆಟ್ಟಿಲಬಾವಿ ಇತ್ತು, ಗೌಡರ ಮನೆಯ ಎದುರಿಗೇ. ಕೇರಿಗೆ ಇದ್ದದ್ದು ಕೆರೆಯ ಕೋಡಿಯ ಕೆಳಗಿನ ಗುಂಡಿ. ಮೇಲೆ ಊರಿನ ದನ ಮೈತೊಳೆಯುತ್ತಿದ್ದವು. ಪಕ್ಕದಲ್ಲೇ ತೊಗಲು ನೆನೆಹಾಕುವ ಹೊಂಡಗಳು. ಮಳೆ ಬಿದ್ದರೆ ಎಲ್ಲವೂ ಒಂದಾಗುತ್ತಿತ್ತು. ಅದನ್ನೇ ಸೀರೆಯ ಸೆರಗಿನಲ್ಲಿ ಸೋಸಿ ಕುಡಿಯುತ್ತಿದ್ದರು. ಸೀನೀರು ಬೇಕೆಂದರೆ ಬಾವಿಯಿಂದ ಆಚೆಯ ಗೋಡೆಯ ಹೊರಗೆ ಕೊಡ ಇಟ್ಟು ನಿಲ್ಲಬೇಕು. ನೀರಿಗೆ ಬಂದ ಯಾವಳಿಗಾದರೂ ಕರುಣೆ ಬಂದರೆ ಎತ್ತರದಿಂದ ಸುರಿಯುತ್ತಾಳೆ. ಅರ್ಧ ಕೊಡಕ್ಕೆ, ಅರ್ಧ ಮಣ್ಣಿಗೆ. ಭರಮವ್ವನಿಗೆ ನಿಲ್ಲಲು ಪುರಸೊತ್ತಾದರೂ ಎಲ್ಲಿತ್ತು. ಬೆಳಗ್ಗೆ ಗೌಡರ ಕೊಟ್ಟಿಗೆಯ ಸಗಣಿ ಹೊರಬೇಕು. ಹದಿನಾರು ಬುಟ್ಟಿ. ಆಮೇಲೆ ಗಂಡ ದುರುಗಪ್ಪನ ಜೊತೆ ಹೊಂಡಕ್ಕಿಳಿದು ತೊಗಲಿನ ಕೂದಲು ಹೆರೆಯಬೇಕು. ಹೊಂಡದ ಸುಣ್ಣಕ್ಕೆ ಅವಳ ಬೆರಳಸಂದಿಗಳು ಬಿರಿದು ಕೆಂಪಾಗಿದ್ದವು. ಉಣ್ಣಲು ಕೂತರೆ ಖಾರ ಸೋಕಿ ಕಣ್ಣಲ್ಲಿ ನೀರು ಬರುತ್ತಿತ್ತು.

ನಾಲ್ಕನೆಯದು ಗಂಡು ಹುಟ್ಟಿತು. ತಿಪ್ಪೆಗೆ ಹಾಕು ಎಂದಳು ಅಡಿವೆವ್ವ. ಹಾಕಬಹುದು, ಎತ್ತುವವರು ಯಾರು? ಎತ್ತುವ ಕೈ ಹೆತ್ತವಳಿಗಿಂತ ಕೆಳಗಿನದಾಗಿರಬೇಕು. ಕೇರಿಯ ಹಿರಿಯರು ಕೂತು ವಿಚಾರ ಮಾಡಿದರು. ಗೌಡರಿಗಿಂತ ಕೆಳಗೆ ಯಾರು, ಕುರುಬರಿಗಿಂತ ಕೆಳಗೆ ಯಾರು, ತಳವಾರರಿಗಿಂತ ಕೆಳಗೆ ಯಾರು ಎಂದು ಎಣಿಸುತ್ತ ಎಣಿಸುತ್ತ ತಮ್ಮಲ್ಲಿಗೇ ಬಂದು ನಿಂತರು. ಮುಂದೆ ಮೆಟ್ಟಿಲೇ ಇರಲಿಲ್ಲ. ಒಬ್ಬ ಮುದುಕ ನಕ್ಕ. ಉಳಿದವರಿಗೆ ನಗು ಬರಲಿಲ್ಲ.

ಕೊನೆಗೆ ಭರಮವ್ವ ತಾನೇ ಹೋದಳು. ತನ್ನ ಕೈಯಿಂದಲೇ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿದಳು. ಬೆನ್ನು ಮಾಡಿ ನಿಂತಳು. ತಿರುಗಿ, ಯಾರದೋ ಕಸ ಬಿದ್ದೈತಿ ಎಂದು ಅದೇ ಕೈಯಿಂದ ಎತ್ತಿಕೊಂಡಳು. ಕೊಳ್ಳುವವಳೂ ತಾನೇ, ಮಾರುವವಳೂ ತಾನೇ. ತೌಡಿರಲಿಲ್ಲ, ಒಂದು ಹಿಡಿ ಬೂದಿ ಕೊಟ್ಟುಕೊಂಡಳು. ಕೆಂಚೀಹಾಳದ ಹನ್ನೆರಡನೆಯ ತಿಪ್ಪ ಅವನು.

ಆ ವರ್ಷ ಹಾವೇರಿ ಕಡೆಯಿಂದ ಬಿಳಿ ಟೊಪ್ಪಿಗೆಯ ಮಂದಿ ಬಂದಿದ್ದರು. ಕೇರಿಯ ಕಸ ಗುಡಿಸಿದರು. ಇನ್ನು ಮೇಲೆ ನಿಮಗೆ ಮಾದರೆನ್ನುವುದಿಲ್ಲ, ಹರಿಜನರೆನ್ನುತ್ತೇವೆ ಎಂದು ಕೈಮುಗಿದರು. ಗೌಡರ ಮನೆಯಲ್ಲಿ ಹೋಳಿಗೆ ಉಂಡು ಹೋದರು. ಬಾವಿಯ ಮಾತು ಎತ್ತಲಿಲ್ಲ. ಕೇರಿಗೆ ಒಂದು ಹೆಸರು ಹೆಚ್ಚಾಯಿತು, ನೀರು ಅದೇ ಇತ್ತು.

ಬೇರೆ ಮಾತು ಆಡಿದವನು ಇಸಾಕ ಒಬ್ಬನೇ. ಸಿಡುಬಿನ ಚುಚ್ಚುಮದ್ದು ಹಾಕಲು ತಾಲೂಕಿನಿಂದ ಬರುತ್ತಿದ್ದ. ಹಾನಗಲ್ಲ ಕಡೆಯ ಕೇರಿಯಲ್ಲೇ ಹುಟ್ಟಿ ಕಿರಿಸ್ತಾನನಾದವನು. ಊರೊಳಗೆ ಅವನಿಗೆ ಕಟ್ಟೆಯ ಮೇಲೆ ಜಾಗ, ಅಂಗಿ ನೋಡಿ. ಕೇರಿಗೆ ಬಂದರೆ ನೆಲಕ್ಕೇ ಕೂರುತ್ತಿದ್ದ.

"ಕೂಸಿನ ಹೆಸರೇನಬೇ?" ಎಂದು ಕೇಳಿದ.

"ತಿಪ್ಪ."

"ನಮ್ಮಪ್ಪಂದೂ ಅದ ಹೆಸರು. ನನಗೂ ಅದನ್ನ ಇಟ್ಟಿದ್ರು. ಪಾದ್ರಿ ಇಸಾಕ ಅಂತ ಮಾಡಿದ."

"ಹಂಗಂದ್ರೇನ್ರಿ?"

"ನಗು ಅಂತ."

"ನಗು ಬಂತೇನ್ರಿ?"

"ಪಗಾರ ಬಂತು," ಅಂದ ಇಸಾಕ. ಆಮೇಲೆ ಗುಂಡಿಯ ಕಡೆ ಕೈ ತೋರಿಸಿದ. "ನೋಡವ್ವಾ, ಹೆಸರು ಯಾರನ್ನೂ ಉಳಸೂದಿಲ್ಲ, ಯಾರನ್ನೂ ಕೊಲ್ಲೂದಿಲ್ಲ. ನಿನ್ನ ಮಕ್ಕಳನ್ನ ಕೊಂದದ್ದು ಆ ನೀರು. ಹಾಲು ಬಿಟ್ಟು ನೀರು ಕುಡಿಯೂ ವಯಸ್ಸಿಗೇ ಯಾಕ ಹೋಕ್ಕಾವ, ವಿಚಾರ ಮಾಡು. ಇವಗ ಬಾವಿ ನೀರು ಕುಡಸು. ಇಲ್ಲಂದ್ರ ಕುದಿಸಿ ಕುಡಸು."

ಕುದಿಸಲು ಕಟ್ಟಿಗೆ ಬೇಕಲ್ಲ. ಅಂಬಲಿಗೆ ಒಟ್ಟುವಷ್ಟು ಇದ್ದರೆ ಅದೇ ಪುಣ್ಯ. ಆದರೂ ಭರಮವ್ವನ ತಲೆಯಲ್ಲಿ ಆ ಮಾತು ಹೊಕ್ಕಿತು. ಪೂರಾ ನಂಬಲಿಲ್ಲ, ಬಿಡಲೂ ಆಗಲಿಲ್ಲ. ಚಳಿಗಾಲ ಕಳೆಯಿತು, ಬೇಸಿಗೆ ಕಳೆಯಿತು. ತಿಪ್ಪ ಅಂಬೆಗಾಲಿಟ್ಟ. ಗೋಡೆ ಹಿಡಿದು ನಿಂತ. ಮೊದಲ ಮಳೆ ಬಿತ್ತು. ಮೂರನೆಯ ದಿನ ಅವನ ಹೊಟ್ಟೆ ಕೆಟ್ಟಿತು. ಮರುದಿನವೂ ನಿಲ್ಲಲಿಲ್ಲ.

ಅವಳು ಸಗಣಿ ಬುಟ್ಟಿ ಕೆಳಗಿಟ್ಟು ಗೌಡರ ಹಿತ್ತಲ ಬಾಗಿಲಲ್ಲಿ ನಿಂತಳು. ಒಳಗೆ ಸಂಭ್ರಮ. ಕರಿಬಸನಗೌಡರ ಹೆಂಡತಿ ಸರೋಜವ್ವ ಗಂಡು ಹೆತ್ತಿದ್ದಳು. ಅದಕ್ಕೂ ಮೊದಲು ಎರಡು ಕೂಸು ಜ್ವರದಲ್ಲಿ ಹೋಗಿದ್ದವು. ಗೌಡರ ತಾಯಿ ವೀರವ್ವ ಹೊರಗೆ ಬಂದಳು.

"ನಾನ ಹೇಳಿಕಳಸಬೇಕಂತಿದ್ದೆ ನೋಡು. ನಾಳಿಗೆ ಐದನೇ ದಿನ. ಮುಂಜಾನೆ ಜಳಕಾ ಮಾಡಿ ಬಾ. ಕೂಸಿನ್ನ ಎತ್ತಬೇಕು."

"ಬರ್ತೇನ್ರಿ ಅವ್ವಾರ. ನನ್ನ ಮಗಗ ಭೇದಿ ಹತ್ತೈತ್ರಿ. ದಿನಾ ಒಂದ ಕೊಡ ಸೀನೀರು ಹಾಕಿಸಿದ್ರ ಉಳೀತದ್ರಿ. ಒಂದ ಕೊಡ ಸಾಕು."

"ಇವತ್ತು ನಿನಗ ಒಂದು ಕೊಡ ಹಾಕಿದ್ರ ನಾಳಿಗೆ ಕೇರಿಗೆ ಕೇರೀನ ಬಂದು ಗ್ವಾಡಿಗೆ ನಿಂದರ್ತದ. ನಿಮ್ಮ ಪಾಲಿಗೆ ದೇವರು ಗುಂಡಿ ಕೊಟ್ಟಾನ. ತಿಪ್ಪ ಅಂತ ಹೆಸರು ಇಟ್ಟೀಯಲ್ಲ, ಏನೂ ಆಗೂದಿಲ್ಲ ಹೋಗು."

ಮರುದಿನ ಬೆಳಗ್ಗೆ ತಿಪ್ಪನ ಕಣ್ಣು ಒಳಗೆ ಹೋಗಿದ್ದವು. ಚರ್ಮ ಹಿಡಿದೆಳೆದರೆ ಎಳೆದಂತೆಯೇ ನಿಲ್ಲುತ್ತಿತ್ತು. ಮೂರು ಸಲ ಕಂಡವಳು ಅವಳು, ಇದು ಯಾವ ದಾರಿಯೆಂದು ಅವಳಿಗೆ ಗೊತ್ತಿತ್ತು. ಕೂಸನ್ನು ದುರುಗಪ್ಪನ ತೊಡೆಯ ಮೇಲಿಟ್ಟು ಹೋದಳು. ತೌಡು ಹೊರಲು ಅಡಿವೆವ್ವ ಬೆನ್ನಿಗೆ ಬಂದಳು.

ಗೌಡರ ತಿಪ್ಪೆ ದೊಡ್ಡದು. ಅದರ ಒಂದೊಂದು ಬುಟ್ಟಿಯನ್ನೂ ಹೊತ್ತು ಹಾಕಿದವಳು ಅವಳೇ. ಮೇಲೆ ಹೊಸ ಮೊರದಲ್ಲಿ ಕೆಂಪನೆಯ ಕೂಸು ಮಲಗಿತ್ತು. ಸರೋಜವ್ವ ತಲೆಗೆ ಬಟ್ಟೆ ಸುತ್ತಿಕೊಂಡು, ಗೋಡೆಗೆ ಕೈಕೊಟ್ಟು ನಿಂತಿದ್ದಳು. ವೀರವ್ವ ತೌಡಿನ ಮೊರ ಹಿಡಿದಿದ್ದಳು. ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಗೌಡರು ಕಟ್ಟೆಯ ಮೇಲಿದ್ದರು.

ಭರಮವ್ವ ತಿಪ್ಪೆ ಹತ್ತಿದಳು. ಯಾರದೋ ಕಸ ಬಿದ್ದೈತಿ ಅಂದಳು. ಎತ್ತಿಕೊಂಡಳು. ಕೂಸು ಮೊಲೆಗೆ ಬಾಯಿ ಹಾಕಿ ಜೋರಾಗಿ ಎಳೆಯಿತು. ಮನೆಯಲ್ಲಿದ್ದದ್ದಕ್ಕೆ ಎರಡು ದಿನದಿಂದ ಎಳೆಯುವ ಶಕ್ತಿಯಿರಲಿಲ್ಲ. ಅದಕ್ಕೆಂದು ಕಟ್ಟಿಕೊಂಡ ಹಾಲು ಇದರ ಬಾಯಿಗೆ ಇಳಿಯುತ್ತಿತ್ತು. ಭರಮವ್ವನ ಎದೆ ಉರಿಯಿತು.

"ನಿನ್ನ ಕೂಸು ಮಾರ್ತೀಯೇನ?" ಅಂದಳು ಸರೋಜವ್ವ.

ಭರಮವ್ವ ಕೂಸಿನ ಮೇಲೆ ಸೆರಗು ಹೊದಿಸಿದಳು.

"ನಿನ್ನ ಕೂಸು ಮಾರ್ತೀಯೇನ?"

"ಮಾರೂದಿಲ್ಲ."

ಮರೆತಿದ್ದಾಳೆಂದುಕೊಂಡಳು ವೀರವ್ವ. "ಮಾರ್ತೇನಿ ಅನ್ನಬೇಕು, ಭರಮೀ. ಮಾರ್ತೇನಿ ಅನ್ನು."

"ಮಾರೂದಿಲ್ರೀ ಅವ್ವಾರ. ಕೂಸು ನಂದು. ತಿಪ್ಪ್ಯಾಗ ಸಿಕ್ಕದ್ದು. ನಾ ಮಾರೂತನಕಾ ನಂದ ಅಲ್ರೇನು?"

ಗೌಡರು ಕಟ್ಟೆಯಿಂದ ಇಳಿದು ಬಂದರು. ಕೈಯಲ್ಲಿ ಬಡಿಗೆಯಿತ್ತು. "ಏನಲೇ ಇದು? ಹಾಡುಹಗಲ ಸೊಕ್ಕು ಬಂತೇನ? ಕೆಳಗಿಡು ಕೂಸಿನ್ನ."

"ಹೊಡೀರಿ," ಅಂದಳು ಅವಳು. ಕೂಸನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು.

ಬಡಿಗೆ ಮೇಲೆತ್ತಿದ್ದು ಮೇಲೆಯೇ ಉಳಿಯಿತು. ಹೊಡೆದರೆ ವಂಶದ ಕುಡಿಗೆ ತಾಗಬೇಕು. ಕಸಿದುಕೊಳ್ಳಬೇಕೆಂದರೆ ಮಾದಗಿತ್ತಿಯ ಮೈ ಮುಟ್ಟಬೇಕು. ಅದಕ್ಕೂ ಹೇಸದೆ ಕಸಿದರೆ, ಕೊಳ್ಳದೆ ತಂದ ಕೂಸು ಉಳಿಯುವುದಿಲ್ಲ. ಅವರ ಅಜ್ಜ ಮುತ್ತಜ್ಜರು ಕಟ್ಟಿದ ಪದ್ಧತಿ ಅದು, ಇವತ್ತು ಅವರ ಕಾಲಿಗೇ ತೊಡರಿಕೊಂಡಿತ್ತು. ಇಷ್ಟು ವರ್ಷ ಯಾವ ಮೈಲಿಗೆಯನ್ನು ಅವಳ ಮೈಮೇಲೆ ಹೊರಿಸಿದ್ದರೋ ಅದೇ ಅವಳನ್ನು ಕಾಯುತ್ತ ನಿಂತಿತು.

"ಏನ್ ಬೇಕ ನಿನಗ?" ಸರೋಜವ್ವ ಕೇಳಿದಳು.

"ನನ್ನ ಮಗ ಮೂರು ದಿನದಿಂದ ಹೇಲಾಕತ್ತಾನ. ಸಾಯಾಕತ್ತಾನ. ಬಾವಿ ನೀರು ಬೇಕು. ನೀವು ಮ್ಯಾಲಿಂದ ಸುರಿಯೂದು ಬ್ಯಾಡ. ನಾನ ಇಳಿದು ತುಂಬ್ತೇನಿ."

ಅವಳು ತಿಪ್ಪೆಯಿಂದ ಇಳಿದಳು. ನೆರೆದ ಹೆಂಗಸರು ಸೆರಗು ಎಳೆದುಕೊಂಡು ದಾರಿ ಬಿಟ್ಟರು. "ಬ್ಯಾಡಬೇ, ಕೊಲ್ತಾರ," ಎಂದು ಅಡಿವೆವ್ವ ಹಿಂದಿನಿಂದ ಅಳುತ್ತಿದ್ದಳು. "ಕೊಡಾ ತಗೊಂಡು ಬಾ ಅತ್ತೀ," ಅಂದಳು ಭರಮವ್ವ. ಓಣಿ ದಾಟಿದಳು. ಗೋಡೆ ದಾಟಿದಳು. ಬಾವಿಯ ಮೆಟ್ಟಿಲು ಇಳಿದಳು. ನೀರಿಗೆ ಕಾಲಿಟ್ಟಾಗ ಆ ತಂಪಿಗೆ ಅವಳ ಬಿರಿದ ಹಿಮ್ಮಡಿ ಚುರುಗುಟ್ಟಿತು. ಒಂದು ಕೈಯಲ್ಲಿ ಕೂಸು, ಇನ್ನೊಂದು ಅಂಗೈಯಲ್ಲಿ ನೀರು. ಕುಡಿದಳು. ಇಷ್ಟು ವರ್ಷ ಆ ಊರಲ್ಲಿ ಬಾಳಿಯೂ ಆ ನೀರು ಇಷ್ಟು ಸಿಹಿಯೆಂದು ಅವಳಿಗೆ ಗೊತ್ತಿರಲಿಲ್ಲ. ಸಿಟ್ಟು ಬಂತು.

ಅಡಿವೆವ್ವ ಕೊಡ ತಂದಳು. ಅವಳ ಹಿಂದೆ ಇಡೀ ಕೇರಿಯೇ ಬಂತು. ಮೊದಲು ಗೋಡೆಯ ಹೊರಗೆ ನಿಂತರು. ಒಬ್ಬಳು ಇಳಿದಳು. ಮತ್ತೊಬ್ಬಳು ಇಳಿದಳು. ಬಿಸಿಲೇರುವತನಕ ಭರಮವ್ವ ಮೆಟ್ಟಿಲ ಮೇಲೆ ಕೂತಿದ್ದಳು, ಗೌಡರ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು. ಕೇರಿಯ ಮಡಕೆ, ಕುಡಿಕೆ, ಹರವಿ ಎಲ್ಲ ತುಂಬಿದವು. ಗೌಡರ ಆಳುಗಳು ಬಡಿಗೆ ಹಿಡಿದು ಸುತ್ತ ನಿಂತು ನೋಡಿದರು.

ಮಧ್ಯಾಹ್ನ ಸರೋಜವ್ವ ಬಾವಿಯ ದಂಡೆಗೆ ಬಂದಳು. ಅತ್ತೆ ತಡೆದರೂ ಬಂದಳು. ಐದು ದಿನದ ಬಾಣಂತಿ, ಕುಪ್ಪಸ ಹಾಲಿನಿಂದ ತೊಯ್ದಿತ್ತು.

"ಭರಮವ್ವಾ, ಕೂಸು ಕೊಡ," ಅಂದಳು.

ಭರಮಿ ಅನ್ನಲಿಲ್ಲ. ದೊಡ್ಡ ಮನೆಯ ಬಾಯಲ್ಲಿ ಅವಳ ಹೆಸರು ಪೂರಾ ಬಂದದ್ದು ಅದೇ ಮೊದಲು.

"ನಾನೂ ಎರಡು ಕಳಕೊಂಡೇನಿ. ಇದೊಂದು ಉಳೀಲಿ. ದಿನಾ ಒಂದು ಕೊಡ ನನ್ನ ಕೈಲೆ ನಿನಗ ಹಾಕ್ತೇನಿ. ಈ ಕೂಸಿನ ಆಣಿ."

ಹಿಂದೆ ನಿಂತ ಗೌಡರೂ "ಆತು, ಹಾಕ್ತೇವಿ. ಕೊಡು," ಅಂದರು.

ಗೌಡರ ಮಾತಿಗೆ ಅವಳು ಬಾಗಲಿಲ್ಲ. ಸರೋಜವ್ವನ ತೊಯ್ದ ಕುಪ್ಪಸಕ್ಕೆ ಬಾಗಿದಳು. ಮೂರು ಮಕ್ಕಳನ್ನು ಮಣ್ಣಿಗಿಟ್ಟು ಬಂದ ರಾತ್ರಿಗಳಲ್ಲಿ ಅವಳ ಕುಪ್ಪಸವೂ ಹಾಗೇ ತೊಯ್ದಿತ್ತು. ಅದೇ ಅವಳು ಮಾಡಿದ ತಪ್ಪು. ದೊಡ್ಡ ಮನೆಯಲ್ಲಿ ಬಾಣಂತಿಯ ಮಾತು ನಡೆಯುವುದಿಲ್ಲ ಎನ್ನುವುದು ಅವಳಿಗೆ ಹೊಳೆಯಲಿಲ್ಲ.

"ಮಾರ್ತೀಯೇನ?"

"ಮಾರ್ತೇನಿ."

ತಿಪ್ಪಾ ಎಂದು ಮೂರು ಸಲ ಕರೆದು ಕೂಸನ್ನು ಕೆಳಗಿಟ್ಟಳು.

ಸಂಜೆಯೊಳಗೆ ಬಾವಿಯ ನೀರೆಲ್ಲ ಎತ್ತಿ ಚೆಲ್ಲಿ ಗೋಮೂತ್ರ ಹೊಯ್ದರು. ಸುತ್ತ ಜಾಲಿಮುಳ್ಳು ಹೊಡೆದರು. ದುರುಗಪ್ಪನನ್ನು ಚಾವಡಿಯ ಕಂಬಕ್ಕೆ ಕಟ್ಟಿ, ಅವನೇ ಹದ ಮಾಡಿ ಕೊಟ್ಟ ಬಾರುಕೋಲಿನಿಂದ ಬೆನ್ನು ಬಿರಿಯುವತನಕ ಹೊಡೆದರು. ಹೊಡೆಯುವವನು ಅವನಿಂದ ಎರಡು ಮಾರು ದೂರ ನಿಂತಿದ್ದ, ಬಾರು ಉದ್ದ ಇತ್ತು. ಸರೋಜವ್ವನ ಬಾಣಂತಿ ಕೋಣೆಗೆ ಹೊರಗಿನಿಂದ ಚಿಲಕ ಬಿತ್ತು. ಮರುದಿನ ಭರಮವ್ವ ಕೊಡ ಹಿಡಿದು ಬೇಲಿಯ ಹೊರಗೆ ಹೊತ್ತೇರುವತನಕ ನಿಂತಳು. ಯಾರೂ ಬರಲಿಲ್ಲ.

ಮನೆಯಲ್ಲಿ ತುಂಬಿಟ್ಟದ್ದು ಮೂರು ಕೊಡ. ಅದನ್ನು ಬೇರೆ ಯಾರೂ ಮುಟ್ಟಲಿಲ್ಲ. ತಿಪ್ಪನಿಗೆ ಚಿಪ್ಪಿನಲ್ಲಿ ಗುಟುಕು ಗುಟುಕು ಕುಡಿಸಿದಳು. ಎರಡನೆಯ ದಿನ ಭೇದಿ ನಿಂತಿತು. ಮೂರನೆಯ ದಿನ ಮೊಲೆ ಹಿಡಿದ. ಐದನೆಯ ದಿನ ಎದ್ದು ಕೂತು ಅವಳ ಮೂಗು ಹಿಡಿದೆಳೆದ. ಇಸಾಕ ಹೇಳಿದ್ದು ಆಗ ಅವಳಿಗೆ ಪೂರಾ ತಿಳಿಯಿತು. ತಿಳಿದದ್ದರಿಂದ ಸಂಕಟ ಹೆಚ್ಚಾಯಿತೇ ಹೊರತು ನೀರು ಹೆಚ್ಚಾಗಲಿಲ್ಲ. ಹನ್ನೊಂದನೆಯ ದಿನ ಕೊನೆಯ ಕೊಡದ ತಳ ಕಂಡಿತು. ಗುಂಡಿಯ ನೀರನ್ನು ಮನೆಯ ಬಾಗಿಲ ಹಲಗೆ ಸೀಳಿ ಉರಿ ಮಾಡಿ ಕುದಿಸಿದಳು. ಹಲಗೆ ನಾಲ್ಕು ದಿನ ಬಂತು. ಆಮೇಲೆ ಮಳೆ ಹಿಡಿಯಿತು, ಒಣಗಿದ ಒಂದು ಕಡ್ಡಿ ಎಲ್ಲಿಯೂ ಸಿಗಲಿಲ್ಲ.

ಹನ್ನೆರಡನೆಯ ತಿಪ್ಪ ಆಷಾಢದಲ್ಲಿ ಸತ್ತ. ಅವನ ಹೆಸರಿಗೆ ಯಮ ಹೇಸಲಿಲ್ಲ. ದುರುಗಪ್ಪನಿಗೆ ಬೆನ್ನು ಬಗ್ಗಿಸಲು ಬರುತ್ತಿರಲಿಲ್ಲ, ಹೂಳುವ ಗುಂಡಿಯನ್ನು ಅವಳೇ ತೋಡಿದಳು.

ಭರಮವ್ವ ಮಾರನೆಯ ದಿನದಿಂದ ಗೌಡರ ಸಗಣಿ ಹೊರುವುದನ್ನು ಬಿಟ್ಟಳು. ಕೇರಿಯ ಹೆಂಗಸರು ಇನ್ನು ಯಾರ ತಿಪ್ಪೆಯನ್ನೂ ಹತ್ತುವುದಿಲ್ಲ ಎಂದು ಹೇಳಿಕಳಿಸಿದರು. ಅಬಲೂರಿನ ಒಂದು ಮನೆಯವರು ಬಂಡಿ ಕಟ್ಟಿಸಿ, ಸೀರೆ ಕೊಡುತ್ತೇವೆಂದು ಕರೆದರು. ಬಂಡಿ ಬರಿದೇ ಹೋಯಿತು.

ಸುಗ್ಗಿಯ ಕಾಲದಲ್ಲಿ ಗೌಡರ ತಿಪ್ಪಣ್ಣನಿಗೆ ಜ್ವರ ಬಂತು. ನಾಲ್ಕು ದಿನವಾದರೂ ಇಳಿಯಲಿಲ್ಲ. ವೀರವ್ವ ಕೂಸನ್ನು ಮೊರದಲ್ಲಿಟ್ಟುಕೊಂಡು ತಾನೇ ಹೊತ್ತು ಕೇರಿಯ ಅಂಚಿಗೆ ಬಂದಳು. ಅವಳ ಹಿಂದೆ ಸರೋಜವ್ವ. ಭರಮವ್ವ ಹೊಂಡದಲ್ಲಿ ಮೊಳಕಾಲುದ್ದ ನಿಂತು ತೊಗಲು ಹೆರೆಯುತ್ತಿದ್ದಳು.

"ಒಮ್ಮೆ ಮುಟ್ಟು," ಅಂದಳು ವೀರವ್ವ. ಧ್ವನಿಯಲ್ಲಿ ಹಳೆಯ ಜೋರು ಇರಲಿಲ್ಲ. "ಒಮ್ಮೆ ಎತ್ತಿ ಹೆಸರು ಹಿಡಿದು ಕರಿ. ಬೇಲಿ ತೆಗಸ್ತೇನಿ. ನೀರು ಹಾಕಸ್ತೇನಿ. ನಿನ್ನ ಮಗ ಹ್ವಾದಾಗ..."

"ನನ್ನ ಮಗನ ಸುದ್ದಿ ನಿಮ್ಮ ಬಾಯಾಗ ಬ್ಯಾಡ," ಅಂದಳು ಭರಮವ್ವ.

ಸರೋಜವ್ವ ನೆಲಕ್ಕೆ ಕೂತಳು. ಕೈಮುಗಿದಳು. ಭರಮವ್ವ ಕೂಸಿನ ಕಡೆ ನೋಡಿದಳು. ಅದರ ಗಲ್ಲ ಜ್ವರಕ್ಕೆ ಕೆಂಪಾಗಿತ್ತು, ಮೈಕೈ ತುಂಬಿಕೊಂಡಿತ್ತು. ಸುಣ್ಣ ತಿಂದ ಎರಡೂ ಕೈಗಳನ್ನು ನೀರಿನಿಂದ ಮೇಲೆತ್ತಿ ಅವರ ಮುಂದೆ ಹಿಡಿದಳು.

"ಈ ಕೈಯಾಗ ಏನೂ ಇಲ್ರಿ. ಇದ್ದಿದ್ರ ನನ್ನವು ನಾಕು ಇರ್ತಿದ್ದವು. ತಾಲೂಕಿಗೆ ಬಂಡಿ ಕಟ್ಟಿಸಿ ಡಾಕ್ಟರಗ ತೋರಸ್ರಿ. ಬಂಡಿ ಐತಿ ನಿಮಗ."

ಬಗ್ಗಿ ಮತ್ತೆ ತೊಗಲು ಹಿಡಿದಳು. ಅವರು ಮೊರ ಎತ್ತಿಕೊಂಡು ಹೋದರು. ಬಂಡಿ ಕಟ್ಟಿದರೋ ಇಲ್ಲವೋ ಅವಳು ಕೇಳಲಿಲ್ಲ. ಎಂಟು ದಿನಕ್ಕೆ ಹುಡುಗ ಹುಷಾರಾದ. ಸೀನೀರು ಕುಡಿಯುವ ಹುಡುಗ, ಉಳಿಯದೆ ಏನು.